ಇಳಿಜಾರಿದ್ದರೆ ಮಾತ್ರ ಸ್ಟಾರ್ಟ್

ಮೂವತ್ತನಾಲ್ಕನೇ ವಯಸ್ಸಿಗೆ ನಿವೃತ್ತನಾದೆ ಎಂದರೆ ಜನ ಮೊದಲು ನಗುತ್ತಾರೆ. ಆಮೇಲೆ ಮೆಲ್ಲ ಹತ್ತಿರ ಬಂದು, "ಕೆಲಸದಿಂದ ತೆಗೆದದ್ದಾ?" ಎಂದು ಕೇಳುತ್ತಾರೆ. ತೆಗೆದದ್ದಲ್ಲ ಸ್ವಾಮಿ. ಶಾಲು ಹೊದೆಸಿ, ಕೈಗೆ ಹಣ್ಣಿನ ತಟ್ಟೆ ಕೊಟ್ಟು, ಪಕ್ಕದಲ್ಲಿ ನಿಂತು ಫೋಟೋ ಹೊಡೆಸಿ ಕಳಿಸಿದ್ದಾರೆ. ಶಾಲು ಹೊದೆಸಿದ ಮೇಲೆ ಅದು ನಿವೃತ್ತಿಯೇ. ಶಾಲೆಯ ಮಾಸ್ಟ್ರಿಗೆ ಒಂದು ನ್ಯಾಯ, ಲಾರಿ ಬಿಡುವವನಿಗೆ ಇನ್ನೊಂದು ನ್ಯಾಯ ಆಗುವುದಿಲ್ಲ.

ನಿವೃತ್ತನಾದವನು ಅನುಭವ ಬರೆಯಬೇಕು. ಹಳೆಯ ಡೀಸೆಲ್ ಲಾರಿ, ಹಳೆಯ ಪಂಪು ಇರುವ ತೋಟಕ್ಕೆ ಕೆಲಸಕ್ಕೆ ಸೇರಬೇಕೆಂದಿರುವ ತಮ್ಮಂದಿರು ನಮ್ಮ ಬೆಳ್ತಂಗಡಿ ಕಡೆ ಇನ್ನೂ ಒಬ್ಬಿಬ್ಬರಾದರೂ ಇರಬಹುದು. ಅವರ ಮಂಡೆ ಸಮ ಇಲ್ಲ ಎನ್ನುವುದು ನನ್ನ ಅಭಿಪ್ರಾಯ. ಆದರೂ ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಮಾತೆಲ್ಲ ನಡೆದದ್ದು ತುಳುವಿನಲ್ಲಿ. ಕನ್ನಡ ಮಾಡುವಾಗ ಬೈಗುಳಗಳನ್ನು ಬಿಟ್ಟಿದ್ದೇನೆ. ಹಾಗಾಗಿ ಕಥೆ ಅರ್ಧಕ್ಕರ್ಧ ಸಣ್ಣದಾಗಿದೆ.

ನಮ್ಮ ಧಣಿಯ ಜಾಗ ವೇಣೂರಿನಿಂದ ನಾರಾವಿಗೆ ಹೋಗುವ ದಾರಿಯಲ್ಲಿ ಒಳಗೆ. ಗುಡ್ಡದ ಮೇಲೆ ರಬ್ಬರು, ನಡುವೆ ತೆಂಗು, ಕೆಳಗೆ ಹೊಳೆ ಬದಿಗೆ ಗದ್ದೆ. ಹೊಳೆ ಬದಿಯಲ್ಲಿ ಕೈಯಿಂದ ತಿರುಗಿಸಿ ಸ್ಟಾರ್ಟ್ ಮಾಡುವ ಡೀಸೆಲ್ ಪಂಪು, ಅಂಗಳದಲ್ಲಿ ಒಂದು ಲಾರಿ. ಎರಡೂ ನನಗಿಂತ ವಯಸ್ಸಿನಲ್ಲಿ ಹಿರಿಯರು, ಬುದ್ಧಿಯಲ್ಲಿಯೂ.

ನಾನು ಕೆಲಸ ಕೇಳಿಕೊಂಡು ಹೋದ ದಿನ ಧಣಿ ಜಗಲಿಯ ಕುರ್ಚಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

"ಹೆಸರು ಎಂತ?"

"ಶೀನ."

"ಡೀಸೆಲ್ ಇಂಜಿನ್ ಗೊತ್ತುಂಟಾ?"

"ಗೊತ್ತುಂಟು ಧಣಿ." ಅದುವರೆಗೆ ನಾನು ಬಂಟ್ವಾಳದಲ್ಲಿ ಟೆಂಪೋ ಬಿಟ್ಟವನು. ಇಂಜಿನ್ ಎಲ್ಲಿರುತ್ತದೆ ಎಂದು ಗೊತ್ತಿತ್ತು. ಅಷ್ಟೇ.

"ಹಾಗಾದ್ರೆ ಮುಂದಿನ ಮಳೆಗಾಲದವರೆಗೆ ಪಂಪು ನೋಡು. ಲಾರಿ ನಾನೇ ಬಿಡ್ತೇನೆ. ನನಗೆ ಆಗುವ ಕೆಲಸಕ್ಕೆ ಇನ್ನೊಬ್ಬ ಯಾಕೆ? ನನ್ನಿಂದ ಆಗದ್ದು ಏನಾದ್ರೂ ಇದ್ರೆ ಆಮೇಲೆ ನಿನ್ನನ್ನು ಖಾಯಂ ಮಾಡುವ."

ತಮ್ಮಂದಿರೇ, ಈ ಮಾತನ್ನು ನೆನಪಿಡಿ. ನನ್ನ ಅನ್ನ ಈ ಒಂದು ಮಾತಿನ ಮೇಲೆ ನಿಂತಿತ್ತು. ಧಣಿಯಿಂದ ಆಗದ ಕೆಲಸ ಒಂದಾದರೂ ಆ ಜಾಗದಲ್ಲಿ ಇರಬೇಕು. ಇಲ್ಲದಿದ್ದರೆ ನಾನು ಪುನಃ ಬಂಟ್ವಾಳಕ್ಕೆ.

ಪಂಪಿನ ಕ್ರಮ ಹೀಗೆ. ಹ್ಯಾಂಡಲ್ ಸಿಕ್ಕಿಸಿ ತಿರುಗಿಸಬೇಕು, ವೇಗ ಬಂದಾಗ ಮೇಲಿನ ಲಿವರ್ ಬೀಳಿಸಬೇಕು, ಇಂಜಿನ್ ಹಿಡಿದ ಕೂಡಲೇ ಹ್ಯಾಂಡಲನ್ನು ಎಳೆದುಕೊಳ್ಳಬೇಕು. ನಾನು ಮೊದಲ ಎರಡನ್ನು ಸರಿಯಾಗಿ ಮಾಡಿದೆ. ಇಂಜಿನ್ ಗುಡುಗಿದ ಗುಡುಗಿಗೆ ಹೆದರಿ ಹ್ಯಾಂಡಲ್ ಅಲ್ಲೇ ಬಿಟ್ಟು ಓಡಿದೆ. ಅದು ಇಂಜಿನ್ ಜೊತೆ ಗಿರಗಿರ ತಿರುಗಿ, ಸ್ವಲ್ಪ ಹೊತ್ತು ಯೋಚಿಸಿ, ಹಾರಿತು. ತೆಂಗಿನ ಗರಿಯೊಂದನ್ನು ಕಡಿದು, ಬೆಳ್ಳಕ್ಕಿಗಳನ್ನು ಎಬ್ಬಿಸಿ ಹೊಳೆಗೆ ಬಿತ್ತು. ಅದನ್ನು ಹುಡುಕುತ್ತಾ ನಾನು ಕುತ್ತಿಗೆಯವರೆಗೆ ನೀರಿನಲ್ಲಿ ನಿಂತಿದ್ದಾಗ ದಡದಿಂದ ಧಣಿಯ ಸ್ವರ ಕೇಳಿತು.

"ಎಂತಾಯ್ತು ಶೀನ?"

"ಹ್ಯಾಂಡಲ್ ಹಾರಿತು ಧಣಿ."

ಧಣಿ ಗಂಭೀರವಾಗಿ ತಲೆಯಾಡಿಸಿದರು. "ಏರ್ ಇರಬಹುದು."

ಡೀಸೆಲ್ ಪೈಪಿನೊಳಗೆ ಗಾಳಿ ಹೊಕ್ಕರೆ ಇಂಜಿನ್ ನಿಲ್ಲುತ್ತದೆ, ಆ ಗಾಳಿ ತೆಗೆಯಬೇಕು ಎನ್ನುವುದು ಈ ವೃತ್ತಿಯ ಒಂದನೇ ಕ್ಲಾಸು ಪಾಠ. ಧಣಿ ಅದನ್ನು ಯಾವಾಗಲೋ ಯಾರಿಂದಲೋ ಕೇಳಿ ತಿಳಿದುಕೊಂಡಿದ್ದರು. ಆಮೇಲೆ ಬೇರೆ ಪಾಠದ ಅಗತ್ಯ ಅವರಿಗೆ ಬೀಳಲಿಲ್ಲ. ಟಯರು ಪಂಕ್ಚರಾದರೂ ಏರ್, ಬ್ರೇಕು ಹಿಡಿಯದಿದ್ದರೂ ಏರ್. ಒಮ್ಮೆ ನನಗೆ ಜ್ವರ ಬಂದಾಗಲೂ ಹಣೆ ಮುಟ್ಟಿ ನೋಡಿ ಅದನ್ನೇ ಹೇಳುವವರಿದ್ದರು. ಅವರ ಹೆಂಡತಿ ಸುಗುಣಕ್ಕ ನಡುವೆ ಬಾಯಿ ಹಾಕಿ ಕಷಾಯ ಕೊಟ್ಟರು.

ಹ್ಯಾಂಡಲ್ ಸಿಕ್ಕಿತು. ಆದರೆ ನನ್ನ ಖಾಯಂ ಆಗುವ ಆಸೆಗೆ ಪೆಟ್ಟು ಬಿದ್ದಿತ್ತು. ಧಣಿಯ ಮನಸ್ಸು ಗೆಲ್ಲಬೇಕು, ಹೇಗೆ? ಅಷ್ಟರಲ್ಲಿ ಆಯುಧ ಪೂಜೆ ಬಂತು.

ಆಯುಧ ಪೂಜೆಗೆ ವಾಹನ ತೊಳೆದು, ಬಣ್ಣ ಕೊಟ್ಟು, ಹೂ ಹಾಕುವುದು ಎಲ್ಲ ಕಡೆಯೂ ಉಂಟು. ಆದರೆ ಎಲ್ಲರೂ ಕಣ್ಣಿಗೆ ಕಾಣುವಲ್ಲಿಗೆ ಬಣ್ಣ ಕೊಟ್ಟು ನಿಲ್ಲಿಸುತ್ತಾರೆ. ನಾನು ಲಾರಿಯ ಅಡಿಗೆ ನುಗ್ಗಿದೆ. ಬಿಚ್ಚಬಹುದಾದ್ದನ್ನೆಲ್ಲ ಬಿಚ್ಚಿ, ಅದರ ಹಿಂದೆ ಮುಂದೆ ಎರಡೆರಡು ಕೋಟ್ ಬಳಿದು, ಒಣಗಿದ ಮೇಲೆ ಪುನಃ ಕೂರಿಸಿದೆ. ಚಾಸಿ, ಅಂದರೆ ಲಾರಿಯ ಅಡಿಯ ಕಬ್ಬಿಣದ ಚೌಕಟ್ಟು, ನೋಡಿದರೆ ಮದುಮಗಳ ಕಾಲಿನ ಹಾಗೆ ಹೊಳೆಯಬೇಕು. ಒಂದು ಬೋಲ್ಟಿನ ಸುತ್ತ ಕಮಲದ ಎಸಳು ಕೂಡ ಬಿಡಿಸಿದೆ. ಪೂಜೆಗೆ ಬಂದ ಭಟ್ಟರು ಬಗ್ಗಿ ನೋಡಿ, "ಇವನು ಅಡಿಗೂ ಬಣ್ಣ ಕೊಟ್ಟಿದ್ದಾನಲ್ಲ ಮಾರಾಯರೇ!" ಎಂದರು. ಧಣಿಯ ಮೀಸೆ ಅರಳಿತು. ಆಮೇಲೆ ವರ್ಷ ವರ್ಷವೂ ಅದೇ ಕ್ರಮವಾಯಿತು. ಒಂದು ವರ್ಷ ಹಸಿರು, ಒಂದು ವರ್ಷ ನೀಲಿ, ಒಂದು ವರ್ಷ ಅಂಗಡಿಯವನಲ್ಲಿ ಯಾರೂ ಕೊಳ್ಳದೆ ಉಳಿದಿದ್ದ ಬಣ್ಣ.

ಆ ಮೊದಲ ದಸರೆ ಕಳೆದ ಮೇಲೆ ನನ್ನ ಅದೃಷ್ಟ ಖುಲಾಯಿಸಿತು. ಲಾರಿಯ ಸೆಲ್ಫ್, ಅಂದರೆ ಇಂಜಿನನ್ನು ಸ್ಟಾರ್ಟ್ ಮಾಡುವ ಮೋಟರು, ಕೈಕೊಟ್ಟಿತು. ಧಣಿ ಬೀಗದಕೈ ತಿರುಗಿಸಿದರೆ ಇಂಜಿನ್ 'ಟಕ್' ಎಂದು ಒಂದೇ ಮಾತು ಹೇಳಿ ಸುಮ್ಮನಾಗುತ್ತಿತ್ತು.

ಗುರುವಾಯನಕೆರೆಯಿಂದ ಮೆಕ್ಯಾನಿಕ್ ಲಾರೆನ್ಸಣ್ಣ ಬಂದರು. ನಮ್ಮ ಕಡೆಯ ಎಲ್ಲ ಲಾರಿಗಳ ದೊಡ್ಡ ಡಾಕ್ಟರು ಅವರು. ಹೊಟ್ಟೆ ಲಾರಿಯ ಅಡಿಗೆ ಹೋಗುವ ಅಳತೆಯದಲ್ಲವಾದ್ದರಿಂದ ಅವರು ರೋಗವನ್ನೆಲ್ಲ ಮೇಲಿನಿಂದಲೇ ಪತ್ತೆ ಹಚ್ಚುತ್ತಿದ್ದರು.

"ಬ್ಯಾಟರಿ," ಎಂದರು.

ಬ್ಯಾಟರಿ ಬದಲಾಯಿಸಿದೆವು. ಟಕ್.

"ಬ್ಯಾಟರಿ," ಎಂದರು ಪುನಃ.

"ಹೊಸತು ಲಾರೆನ್ಸಣ್ಣ. ನೀವೇ ತಂದು ಹಾಕಿದ್ದು."

"ಹೌದಾ? ಹಾಗಾದ್ರೆ ಈಗಿನ ಬ್ಯಾಟರಿಗಳೇ ಹೀಗೆ ಮಾರಾಯ."

ಸೆಲ್ಫ್ ಬಿಚ್ಚಿ, ಉಜ್ಜಿ, ಹಾಕಿದರು. ಟಕ್. ಧಣಿ ಏರ್ ತೆಗೆಸಿದರು. ಟಕ್. ಸುಗುಣಕ್ಕ ಲಿಂಬೆಹುಳಿ, ಮೆಣಸು ಕಟ್ಟಿಸಿದರು. ಟಕ್. ಕೊನೆಗೆ ಲಾರಿಯನ್ನು ಇಳಿಜಾರಿನಲ್ಲಿ ಬಿಟ್ಟು, ಓಡುತ್ತಿರುವಾಗಲೇ ಕ್ಲಚ್ಚು ಬಿಟ್ಟು ಸ್ಟಾರ್ಟ್ ಮಾಡುವುದೊಂದೇ ದಾರಿ ಎಂದಾಯಿತು.

ಅದನ್ನು ಯಾವ ಡ್ರೈವರನೂ ಮಾಡಬಹುದು, ನಿಜ. ಆದರೆ ನಮ್ಮ ಅಂಗಳದ ಇಳಿಜಾರಿಗೆ ಒಂದು ವಿಶೇಷ ಇತ್ತು. ಗೇಟಿನ ಹತ್ತಿರ ಶುರುವಾಗಿ ಸೀದಾ ದನದ ಹಟ್ಟಿಯ ಪಕ್ಕದ ಗೊಬ್ಬರದ ಗುಂಡಿಯಲ್ಲಿ ಅದು ಮುಗಿಯುತ್ತಿತ್ತು. ಗುಂಡಿಯ ಮೊದಲು ಇಂಜಿನ್ ಹಿಡಿಯಬೇಕು, ಹಿಡಿದ ಕೂಡಲೇ ಸ್ಟೇರಿಂಗು ತಿರುಗಿಸಬೇಕು. ಧಣಿ ಒಮ್ಮೆ ಲಾರಿ ಹತ್ತಿ, ಕೆಳಗೆ ಗುಂಡಿ ನೋಡಿ, ಇಳಿದರು.

"ಶೀನ, ನೀನು ನೋಡು."

ಹಾಗೆ ನಾನು ಖಾಯಂ ಆದೆ. ಮೊದಲ ಸಲ ಹೋಗಿ ಗುಂಡಿಗೇ ಬಿದ್ದೆ. ಎರಡನೇ ಸಲವೂ. ಮೂರನೇ ಸಲ ಇಂಜಿನ್ ಹಿಡಿಯಿತು, ಆದರೆ ಹಳೆಯ ಅಭ್ಯಾಸದಂತೆ ಗುಂಡಿಗೆ ಬಿದ್ದೆ. ಆಮೇಲೆ ಕೈ ಕೂತಿತು. ಮದುವೆ ಮನೆಗಳಲ್ಲಿ ಧಣಿ, "ನಮ್ಮದು ಹಳೇ ಗಟ್ಟಿ ಲಾರಿ, ಇವತ್ತಿಗೂ ಓಡ್ತದೆ," ಎಂದು ಹೇಳಿಕೊಳ್ಳುತ್ತಿದ್ದರು. ಹೇಗೆ ಓಡುತ್ತದೆ, ಯಾರು ಓಡಿಸುತ್ತಾರೆ ಎನ್ನುವುದು ಆ ವರ್ಣನೆಯಲ್ಲಿ ಬರುತ್ತಿರಲಿಲ್ಲ.

ಅಷ್ಟರಲ್ಲಿ ಹೊಳೆಯ ಡೀಸೆಲ್ ಪಂಪು ಹೋಗಿ ಕರೆಂಟಿನ ಪಂಪು ಬಂತು. ಸುಗುಣಕ್ಕ ದೋಸೆ ಮಗುಚುತ್ತಾ ಅಡುಗೆಕೋಣೆಯಿಂದಲೇ ಸ್ವಿಚ್ ಹಾಕತೊಡಗಿದರು. ನನಗೆ ಉಳಿದದ್ದು ಲಾರಿ ಒಂದೇ. ಅದು ಪೂರ್ತಿ ಸರಿಯಾದರೆ ನಾನು ಬೇಡ, ಪೂರ್ತಿ ಸತ್ತರೂ ನಾನು ಬೇಡ. ಅದು ಹೀಗೇ ಅರ್ಧ ಜೀವದಲ್ಲಿ ಇರಲಿ ಎಂದು ನಾನು ದಿನಾ ದೇವರಿಗೆ ಕೈ ಮುಗಿಯುತ್ತಿದ್ದೆ.

ಇಂಥ ಲಾರಿ ಬಿಡುವವನಿಗೆ ಲೋಕವೇ ಬೇರೆ ಥರ ಕಾಣುತ್ತದೆ. ಬೇರೆಯವರು ಊರಿನಲ್ಲಿ ದೇವಸ್ಥಾನ, ಬಸದಿ, ಹೋಟೆಲು ನೋಡುತ್ತಾರೆ. ನಾನು ನೋಡುವುದು ಇಳಿಜಾರು. ನಿಲ್ಲಿಸಿದರೆ ಪುನಃ ಹೊರಡಲಿಕ್ಕೆ ಇಳಿಜಾರು ಬೇಕು. ಬೆಳ್ತಂಗಡಿ ತಾಲೂಕನ್ನು ದೇವರು ನನಗಾಗಿಯೇ ಮಾಡಿದ್ದು, ಎಲ್ಲಿ ನಿಲ್ಲಿಸಿದರೂ ಒಂದು ಇಳಿಜಾರು ಸಿಕ್ಕುತ್ತದೆ. ಮೂಡಬಿದ್ರೆಯಲ್ಲಿ ಹುಡುಕಿದರೆ ಸಿಕ್ಕುತ್ತದೆ. ಬಂಟ್ವಾಳದ ಹೊಳೆ ಬದಿಯ ಪೇಟೆಗೆ ಹೋದರೆ ಮಾತ್ರ ಇಂಜಿನ್ ಆಫ್ ಮಾಡದೆ, ಇಳಿಯದೆ, ಕಿಟಕಿಯಿಂದಲೇ ವ್ಯವಹಾರ. ಮೂಡಬಿದ್ರೆಗೆ ಹೋಗುವ ದಾರಿಯಲ್ಲಿ ಒಂದು ಹೋಟೆಲಿನ ಚಾ ಕುಡಿದರೆ ಬಾಯಿಯಲ್ಲಿ ಪಾತ್ರೆ ತೊಳೆದ ಹಾಗೆ ಆಗುತ್ತಿತ್ತು. ವರ್ಷಗಟ್ಟಲೆ ಅಲ್ಲೇ ಕುಡಿದೆ. ಆ ಹೋಟೆಲಿನ ಮುಂದೆ ಒಳ್ಳೆಯ ಇಳಿಜಾರು ಇತ್ತು.

ವೇಣೂರಿನಲ್ಲಿ ಒಮ್ಮೆ ಸಮತಟ್ಟು ರಸ್ತೆಯ ನಡುವೆ ದನ ಅಡ್ಡ ಬಂದು ಇಂಜಿನ್ ನಿಂತಿತು. ಹಿಂದೆ ಬಸ್ಸು. ಕಂಡಕ್ಟರ್ ತಲೆ ಹೊರಗೆ ಹಾಕಿ, "ತೆಗಿ ಮಾರಾಯ, ಟೈಮ್ ಆಯ್ತು!" ಎಂದ.

"ತೆಗಿಯುವ. ನಿಮ್ಮ ಜನರನ್ನು ಸ್ವಲ್ಪ ಇಳಿಸಿ."

ಬಸ್ಸಿನವರೆಲ್ಲ ಇಳಿದು ದೂಡಿದರು. ಒಬ್ಬರು ಅಜ್ಜ ಕೈಯಲ್ಲಿದ್ದ ಬುಟ್ಟಿಯನ್ನು ನನ್ನ ಲಾರಿಯ ಹಿಂದೆಯೇ ಇಟ್ಟು ದೂಡಿದರು. ಇಂಜಿನ್ ಹಿಡಿಯಿತು. ನಿಲ್ಲಿಸಿದರೆ ಪುನಃ ಹೋಗುತ್ತದೆಂಬ ಹೆದರಿಕೆಯಲ್ಲಿ ಕೈಬೀಸಿ ಹೋಗಿಯೇಬಿಟ್ಟೆ. ಹಿಂದಿನಿಂದ ಅಜ್ಜ ಓಡಿಬರುವುದು ಕನ್ನಡಿಯಲ್ಲಿ ಕಂಡಿತು. ಎಷ್ಟು ಒಳ್ಳೆಯ ಜನ, ಇನ್ನೂ ದೂಡಲಿಕ್ಕೆ ಬರುತ್ತಿದ್ದಾರೆ ಎಂದುಕೊಂಡೆ. ಮನೆಗೆ ಬಂದು ನೋಡಿದರೆ ಬುಟ್ಟಿಯಲ್ಲಿ ಕೋಳಿ ಅಂಕದಲ್ಲಿ ಕಾದಾಡಲು ಕಟ್ಟುವ ಹುಂಜ. ಧಣಿಯ ಮನೆಯಲ್ಲಿ ಮೊಟ್ಟೆಯ ಹೆಸರನ್ನೂ ಎತ್ತುವುದಿಲ್ಲ. ಅಲ್ಲಿ ಅದು ಜಗಲಿಯ ಮೇಲೆ ನಿಂತು ಧಣಿಯ ಮುಖಕ್ಕೇ ಕೂಗಿತು. ಮರುದಿನ ಅಜ್ಜ ಮನೆ ಹುಡುಕಿಕೊಂಡು ಬಂದರು.

"ಮೊದಲು ಕೋಳಿ ಕೊಡು. ಕೂತು ನಿಧಾನಕ್ಕೆ ಬೈತೇನೆ."

ಕೂತು, ಸುಗುಣಕ್ಕ ಕೊಟ್ಟ ಚಾ ಕುಡಿದು, ಹೇಳಿದ ಹಾಗೆಯೇ ನಿಧಾನಕ್ಕೆ ಬೈದರು.

ಹುಡುಗಿ ನೋಡಲು ಹೋದದ್ದೂ ಲಾರಿಯಲ್ಲೇ. ಹುಡುಗಿಯ ಮನೆ ಗದ್ದೆಯ ನಡುವೆ, ಸುತ್ತ ಒಂದು ಗೇಣು ಇಳಿಜಾರಿಲ್ಲ. ಲಾರಿಯನ್ನು ಅಂಗಳದಲ್ಲಿ ಗುಡುಗುಡು ಎನ್ನಲು ಬಿಟ್ಟು ಒಳಗೆ ಕೂತೆ. ಹೊಗೆ ನಡುಮನೆಗೆ ಬಂತು. ಹುಡುಗಿ ಉಪ್ಪಿಟ್ಟು ತಂದಿಟ್ಟು, ಸ್ವರ ಏರಿಸಿ ಕೇಳಿದಳು:

"ಅದನ್ನು ಆಫ್ ಮಾಡ್ಲಿಕ್ಕೆ ಆಗುದಿಲ್ವಾ?"

"ಮಾಡಬಹುದು. ಮತ್ತೆ ನಾನು ಇಲ್ಲೇ ಉಳೀಬೇಕಾಗ್ತದೆ."

ಅವಳು ಒಂದು ಕ್ಷಣ ಯೋಚಿಸಿ, "ಹಾಗಾದ್ರೆ ಇರ್ಲಿ, ಓಡ್ತಾ ಇರ್ಲಿ," ಎಂದು ಒಳಗೆ ಹೋದಳು. ಅದೇ ಉತ್ತರ ಎಂದು ನನಗೆ ಅರ್ಥವಾದದ್ದು ದಾರಿಯಲ್ಲಿ.

ಹೀಗೆ ಸುಖವಾಗಿದ್ದವನಿಗೆ ಧಣಿಯ ಹೊಸ ಕಾರು ಶತ್ರುವಾಗಿ ಬಂತು. ಅದರ ಹೊಟ್ಟೆ ನೆಲಕ್ಕೆ ಹತ್ತಿರ. ನಮ್ಮ ಇಳಿಜಾರಿನಲ್ಲಿ ಇಳಿಯುವಾಗಲೆಲ್ಲ ಅಡಿ ಉಜ್ಜಿ 'ಕರ್ರ್' ಎನ್ನುತ್ತಿತ್ತು, ಆ ಶಬ್ದಕ್ಕೆ ಧಣಿಯ ಹಲ್ಲೂ 'ಕರ್ರ್' ಎನ್ನುತ್ತಿತ್ತು. ನಾನು ಊರಿಗೆ ಹೋಗಿ ಬರುವಷ್ಟರಲ್ಲಿ ಜೆಸಿಬಿ ತರಿಸಿ ಅಂಗಳವನ್ನು ಸಮ ಮಾಡಿಸಿಬಿಟ್ಟಿದ್ದರು. ಗೊಬ್ಬರದ ಗುಂಡಿಯೂ ಇಲ್ಲ, ಇಳಿಜಾರೂ ಇಲ್ಲ. ಕೇರಂ ಬೋರ್ಡಿನ ಹಾಗಿದ್ದ ಅಂಗಳದ ನಡುವೆ ಲಾರಿ ನಿಂತಿತ್ತು.

"ಹೇಗುಂಟು?" ಎಂದರು ಧಣಿ.

"ಚೆಂದ ಉಂಟು ಧಣಿ. ಲಾರಿ ಸ್ಟಾರ್ಟ್ ಮಾಡುವುದು ಹೇಗೆ?"

ಧಣಿ ಅಂಗಳ ನೋಡಿದರು, ಲಾರಿ ನೋಡಿದರು. ಇದು ಅವರಿಗೆ ಆಗ ಹೊಳೆಯಿತೆಂದು ಮುಖದಲ್ಲೇ ಕಾಣುತ್ತಿತ್ತು. ಆದರೆ ಧಣಿಗಳು ತಪ್ಪು ಮಾಡುವುದಿಲ್ಲ, ತೀರ್ಮಾನ ಮಾಡುತ್ತಾರೆ.

"ಹೇಗೂ ಹಳತಾಯ್ತಲ್ಲ. ನಾಳೆ ಗುಜರಿಯವನಿಗೆ ಬರ್ಲಿಕ್ಕೆ ಹೇಳ್ತೇನೆ. ಇನ್ನು ತೆಂಗಿನಕಾಯಿಗೆ ಬಾಡಿಗೆ ಪಿಕಪ್ ಸಾಕು."

"ಮತ್ತೆ ನಾನು?"

"ನಿನಗೆಂತ ಮಾರಾಯ, ಪ್ರಾಯ ಉಂಟು. ಎಲ್ಲಿಯಾದ್ರೂ ಆಗ್ತದೆ."

ನಾಳೆಯೊಳಗೆ ಲಾರಿ ಅಲುಗಾಡದಿದ್ದರೆ ಅದೂ ಗುಜರಿ, ನಾನೂ ಗುಜರಿ. ಏನಾದರೂ ಮಾಡುತ್ತಿರುವ ಹಾಗೆ ಕಾಣಲಿ ಎಂದು ಸ್ಪ್ಯಾನರು ಹಿಡಿದು ಲಾರಿಯ ಅಡಿಗೆ ನುಗ್ಗಿದೆ. ಸತ್ಯ ಹೇಳಬೇಕೆಂದರೆ ಅಡಿಯಲ್ಲಿ ನೆರಳಿತ್ತು, ಧಣಿಯ ಮುಖ ಕಾಣುತ್ತಿರಲಿಲ್ಲ. ಅಂಗಾತ ಮಲಗಿ ಚಾಸಿ ನೋಡುತ್ತಾ ನನ್ನ ಹಣೆಬರಹದ ಬಗ್ಗೆ ಯೋಚಿಸತೊಡಗಿದೆ. ಆಗ ಕಂಡಿತು ಆ ಬೋಲ್ಟು.

ಕಮಲದ ಎಸಳು ಬಿಡಿಸಿದ ಬೋಲ್ಟು.

ಬ್ಯಾಟರಿಯ ಒಂದು ತಂತಿ ಸೆಲ್ಫಿಗೆ ಹೋಗುತ್ತದೆ. ಇನ್ನೊಂದನ್ನು ಚಾಸಿಗೆ ಬೋಲ್ಟು ಹಾಕಿ ಕೂರಿಸುತ್ತಾರೆ; ಅದಕ್ಕೆ ಅರ್ತಿಂಗ್ ಎನ್ನುತ್ತಾರೆ. ಅಲ್ಲಿ ಲೋಹಕ್ಕೆ ಲೋಹ ತಾಗಬೇಕು. ನಮ್ಮ ಲಾರಿಯಲ್ಲಿ ತಂತಿಗೂ ಚಾಸಿಗೂ ನಡುವೆ ನನ್ನ ಭಕ್ತಿ ಕೂತಿತ್ತು. ಅಂಚಿನಲ್ಲಿ ನೋಡಿದರೆ ಪದರ ಪದರವಾಗಿ ಕಾಣುತ್ತಿತ್ತು: ಹಸಿರು, ನೀಲಿ, ಯಾರೂ ಕೊಳ್ಳದ ಬಣ್ಣ, ಎಲ್ಲ ದಸರೆಗಳೂ ಒಂದರ ಮೇಲೊಂದು. ಪ್ರತಿ ವರ್ಷ ತಂತಿ ಬಿಚ್ಚಿದ್ದು ನಾನು, ಬಣ್ಣ ಬಳಿದದ್ದು ನಾನು, ಬಣ್ಣದ ಮೇಲೆಯೇ ತಂತಿ ಕೂರಿಸಿ ಹೂ ಬಿಡಿಸಿದ್ದು ನಾನು. ಆ ಬಣ್ಣದಿಂದ ಖಾಯಂ ಆಗಬೇಕೆಂದು ಆಸೆಪಟ್ಟಿದ್ದೆ. ಆಗಿದ್ದೆ ಕೂಡ.

ಬುದ್ಧಿ ಇರುವವನು ಅಲ್ಲೇ ಕೂತು ಮುಂದಿನದ್ದನ್ನು ಯೋಚಿಸುತ್ತಿದ್ದ. ನನಗೆ ಗುಜರಿಯವನ ಮುಖ ಒಂದೇ ಕಣ್ಣ ಮುಂದೆ. ತಂತಿ ಬಿಚ್ಚಿ, ಕಾಯಿ ಸುಲಿಯುವಲ್ಲಿದ್ದ ಕತ್ತಿ ತಂದು, ಕಬ್ಬಿಣ ಬೆಳ್ಳಗೆ ಹೊಳೆಯುವವರೆಗೆ ಕೆರೆದೆ. ತಂತಿ ಬಿಗಿದೆ. ಬ್ಯಾಟರಿ ಲಾರೆನ್ಸಣ್ಣ ಮೊನ್ನೆಯಷ್ಟೇ ಚಾರ್ಜ್ ಮಾಡಿ ಕೊಟ್ಟದ್ದು. ಹತ್ತಿ ಕೂತು ಬೀಗದಕೈ ತಿರುಗಿಸಿದೆ.

ಟಕ್ ಅನ್ನಲಿಲ್ಲ. ಒಂದೇ ಏಟಿಗೆ ಹಿಡಿಯಿತು. ಅಂಗಳ ನಡುಗಿತು. ನಾನು ಲಾರಿಯಲ್ಲೇ ನಿಂತು ಕುಣಿದು ಮಂಡೆಗೆ ಪೆಟ್ಟು ಮಾಡಿಕೊಂಡೆ.

ಧಣಿ ಬಾಯಲ್ಲಿದ್ದ ಎಲೆ ಉಗಿದು ಓಡಿ ಬಂದರು. "ಇಳಿ, ಇಳಿ! ನಾನೊಮ್ಮೆ ನೋಡ್ತೇನೆ." ಹತ್ತಿ, ಆಫ್ ಮಾಡಿ, ಬೀಗದಕೈ ತಿರುಗಿಸಿದರು. ಹಿಡಿಯಿತು. ಪುನಃ ಆಫ್, ಪುನಃ ಸ್ಟಾರ್ಟ್. ಜಾತ್ರೆಯ ಪೀಪಿ ಸಿಕ್ಕಿದ ಮಗುವಿನ ಹಾಗೆ ಬಿಡಲೇ ಇಲ್ಲ. ಸುಗುಣಕ್ಕ ಕೈ ಒರೆಸಿಕೊಂಡು ಬಂದು, "ನಾನೂ ಒಮ್ಮೆ," ಎಂದರು. ಅವರು ತಿರುಗಿಸಿದರೂ ಹಿಡಿಯಿತು.

ಅವರು ತಿರುಗಿಸಿದಾಗ ಹಿಡಿಯಿತಲ್ಲ, ಆಗ ನನ್ನ ಎದೆಯಲ್ಲಿ 'ಟಕ್' ಎಂದಿತು.

"ಎಂತಾಗಿತ್ತು ಶೀನ ಇದಕ್ಕೆ, ಇಷ್ಟು ವರ್ಷ?" ಧಣಿ ಕೇಳಿದರು.

ಕಮಲದ ಹೂವಿನ ಕಥೆ ಹೇಳುವುದೆಂದರೆ ಶಾಲೂ ಇಲ್ಲ, ಹಣ್ಣಿನ ತಟ್ಟೆಯೂ ಇಲ್ಲ. "ಏರ್ ಇತ್ತು ಧಣಿ," ಎಂದೆ.

"ನಾನು ಹೇಳ್ಲಿಲ್ವಾ!" ಧಣಿ ತೊಡೆಗೆ ಬಡಿದುಕೊಂಡರು. "ಮೊದಲ ದಿನದಿಂದ ಹೇಳ್ತಾ ಇದ್ದೇನೆ. ಈ ಲಾರೆನ್ಸಿನದ್ದು ಒಂದು ಬ್ಯಾಟರಿ, ಬ್ಯಾಟರಿ!" ಆಮೇಲೆ ನನ್ನ ಭುಜದ ಮೇಲೆ ಕೈಯಿಟ್ಟರು. ಆ ಕೈ ಬಿದ್ದಾಗಲೇ ಗೊತ್ತಾಯಿತು. "ಗುಜರಿಗೆ ಬೇಡ ಅಂತ ಹೇಳುವ. ಒಳ್ಳೇದಾಯ್ತು. ಈಗ ನಾನೇ ಬಿಡಬಹುದಲ್ಲ, ಅಲ್ಲವಾ?"

ಎಷ್ಟೋ ವರ್ಷದಲ್ಲಿ ನಾನು ಮಾಡಿದ ಒಂದೇ ಒಂದು ಸರಿಯಾದ ರಿಪೇರಿ ಅದು. ಅದೇ ನನ್ನ ಕೆಲಸ ತಿಂದಿತು. ತಮ್ಮಂದಿರೇ, ಈ ವೃತ್ತಿಯಲ್ಲಿ ಕಲಿಯಬೇಕಾದ್ದು ಇಷ್ಟೇ: ಯಾವುದನ್ನು ಬಿಚ್ಚಬೇಕು ಎನ್ನುವುದು ಮೆಕ್ಯಾನಿಕ್‌ಗೆ ಗೊತ್ತಿರಬೇಕು, ಯಾವುದನ್ನು ಹಾಗೇ ಬಿಡಬೇಕು ಎನ್ನುವುದು ಕೆಲಸ ಉಳಿಸಿಕೊಳ್ಳುವವನಿಗೆ.

ಬೀಳ್ಕೊಡುಗೆ ಗಮ್ಮತ್ತಾಗಿತ್ತು. ಧಣಿ ಭಾಷಣ ಮಾಡಿದರು. ಅದರಲ್ಲಿ ತಾವು ಏರ್ ಪತ್ತೆ ಹಚ್ಚಿದ ಪ್ರಸ್ತಾಪವೇ ಜಾಸ್ತಿ, ಕೊನೆಗೆ ನನ್ನ ಹೆಸರೂ ಬಂತು. ಲಾರೆನ್ಸಣ್ಣ ನನ್ನನ್ನು ಬದಿಗೆ ಕರೆದು, "ನಿಜ ಹೇಳು, ಬ್ಯಾಟರಿ ಅಲ್ವಾ?" ಎಂದು ಕೇಳಿದರು. ಸುಗುಣಕ್ಕ ಒಬ್ಬರೇ ನನ್ನ ಮುಖ ಸರಿಯಾಗಿ ನೋಡಿ, ಚೀಲಕ್ಕೆ ಇನ್ನೂ ಎರಡು ತೆಂಗಿನಕಾಯಿ ಹಾಕಿದರು.

ಮನೆಯಲ್ಲಿ ಕೂತೆ. ದಸರೆ ಬಂತು, ಹೋಯಿತು. ಮೊನ್ನೆ ಬೆಳಿಗ್ಗೆ ಧಣಿಯ ಫೋನು.

"ಶೀನ, ಊಟ ಆಯ್ತಾ?"

ಕೆಲಸದಲ್ಲಿದ್ದಷ್ಟು ವರ್ಷ ಕೇಳದ ಪ್ರಶ್ನೆ. ಅದೂ ಬೆಳಿಗ್ಗೆ.

"ಆಯ್ತು ಧಣಿ. ಲಾರಿ ಎಂತ ಹೇಳ್ತದೆ?"

"ಟಕ್ ಹೇಳ್ತದೆ."

"ಆಯುಧ ಪೂಜೆ ಜೋರಾ?"

"ಜೋರು ಮಾರಾಯ. ಮೂಡಬಿದ್ರೆಗೆ ತಕ್ಕೊಂಡು ಹೋಗಿ ಸ್ಪ್ರೇ ಹೊಡೆಸಿದ್ದೇನೆ. ಅಡಿಗೂ. ನಮ್ಮ ಶೀನ ಮಾಡುವ ಹಾಗೆಯೇ ಆಗ್ಬೇಕು, ಎಲ್ಲ ಬಿಚ್ಚಿ ಹೊಡೀರಿ ಅಂತ ನಾನೇ ನಿಂತು ಮಾಡಿಸಿದ್ದೇನೆ."

"ಒಳ್ಳೇದಾಯ್ತು. ಏರ್ ತೆಗೆದ್ರಾ?"

"ತೆಗೆದು ತೆಗೆದು ಕೈ ಸೋತಿತು. ನೀನೊಮ್ಮೆ ಬಂದು ಹೋಗು."

ಕತ್ತಿ ಹಿಡಿದು ಹೋದರೆ ಒಂದು ಚಾ ಕುಡಿಯುವಷ್ಟು ಹೊತ್ತಿನ ಕೆಲಸ. ಹಾಗೆ ಹೇಳಲು ಬಾಯಿ ತೆರೆದೆ. ಆದರೆ ಬುದ್ಧಿ ಒಮ್ಮೆಯಾದರೂ ಸಮಯಕ್ಕೆ ಸರಿಯಾಗಿ ಬಂತು.

"ಬರಬಹುದಿತ್ತು ಧಣಿ. ಆದ್ರೆ ಅಲ್ಲಿ ಇಳಿಜಾರು ಎಲ್ಲುಂಟು?"

ಧಣಿ ಫೋನ್ ಇಟ್ಟರು. ಇವತ್ತು ಬೆಳಿಗ್ಗೆ ಸುಗುಣಕ್ಕ ಫೋನ್ ಮಾಡಿದ್ದರು. ಹಿಂದೆ ಏನೋ ದೊಡ್ಡ ಗಲಾಟೆ, ಅವರ ಮಾತು ಸರಿಯಾಗಿ ಕೇಳಲಿಲ್ಲ. ಜೆಸಿಬಿ ಬಂದಿದೆಯಂತೆ. ಗೇಟಿನ ಹತ್ತಿರ ಮಣ್ಣು ಏರಿಸುತ್ತಿದ್ದಾರಂತೆ. ಗುಂಡಿ ಮೊದಲಿನ ಜಾಗದಲ್ಲೇ ಬೇಕಾ, ಸ್ವಲ್ಪ ಆಚೆ ಆದರೆ ಆಗುತ್ತದಾ ಎಂದು ಧಣಿ ಕೇಳಲು ಹೇಳಿದ್ದಾರಂತೆ.

ಹಾಗಾಗಿ ತಮ್ಮಂದಿರೇ, ಬರೆಯಲು ಇನ್ನೂ ತುಂಬಾ ಇತ್ತು, ಆದರೆ ಆ ಇಳಿಜಾರು ತಯಾರಾಗುವ ಮೊದಲು ನನ್ನ ನಿವೃತ್ತಿಯ ಕಥೆಯನ್ನು ಮುಗಿಸಬೇಕಾಗಿದೆ.